ನಡುಬೀದಿಯ ಬುತ್ತಿ

ಶಂಕ್ರಪ್ಪ ಸತ್ತು ಎರಡು ದಿನವಾಗಿತ್ತು. ಅವನ ಮನೆಯ ಬೆಳಕಿಂಡಿಯಿಂದ ಹೊಗೆ ಎದ್ದಿರಲಿಲ್ಲ.

ಹೊಗೆ ಏಳದಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಅಮೀನಗಡದ ಸಡಕಿನಿಂದ ಮೂರು ಮೈಲಿ ಒಳಗಿರುವ ಬಿಳೆಕಲ್ಲು ಎಂಬ ಹಳ್ಳಿಯಲ್ಲಿ ಸಾವಾದ ಮನೆಯವರು ಮೂರು ದಿನ ಒಲೆ ಹಚ್ಚುವಂತಿಲ್ಲ. ಆ ಮೂರು ದಿನ ಅವರ ಹೊಟ್ಟೆ ನೋಡಿಕೊಳ್ಳುವುದು ಓಣಿಯ ಕೆಲಸ. ಬುಟ್ಟಿಗೆ ಬಿಳಿ ಅರಿವೆ ಮುಚ್ಚಿ, ತಲೆಯ ಮೇಲೆ ಹೊತ್ತುಕೊಂಡು ಹೆಂಗಸರು ಹೊತ್ತು ಹೊತ್ತಿಗೆ ಬರುತ್ತಾರೆ. ಅದಕ್ಕೆ ಬುತ್ತಿ ಎನ್ನುತ್ತಾರೆ. ಬುತ್ತಿ ತಂದವರನ್ನು ಯಾರೂ ಕರೆದಿರುವುದಿಲ್ಲ. ಬರುತ್ತಾರೆ, ಕೂತು ಉಣ್ಣಿಸುತ್ತಾರೆ, ಸುಮ್ಮನೆ ಎದ್ದು ಹೋಗುತ್ತಾರೆ. ಹೋಗುವವರು ‘ಹೋಗಿ ಬರ್ತೇನಿ’ ಅನ್ನುವಂತಿಲ್ಲ, ಮನೆಯವರು ‘ಮತ್ತ ಬಾ’ ಅನ್ನುವಂತಿಲ್ಲ. ಸತ್ತ ಮನೆಯಲ್ಲಿ ಬಾ ಎಂದರೆ ಆ ಮಾತು ಸಾವಿಗೆ ಕೇಳಿಸುತ್ತದೆ ಎಂದು ಊರ ನಂಬಿಕೆ.

ಆದರೆ ಶಂಕ್ರಪ್ಪನ ಮನೆಗೆ ಬುತ್ತಿ ಬರಲಿಲ್ಲ. ಹಿಂದಿನ ವರ್ಷ ಅವನು ಹೊಲದ ಬದು ಒತ್ತಿದ ಅಮಾತೆಪ್ಪ ಗೌಡನ ಮೇಲೆ ಹುನಗುಂದದ ಕೋರ್ಟಿನಲ್ಲಿ ದಾವೆ ಹೂಡಿದ್ದ. ತನ್ನ ಕಟ್ಟೆಯ ಮುಂದೆ ಕೈಕಟ್ಟಿ ನಿಲ್ಲಬೇಕಾದವನು ಕೋರ್ಟಿನ ಮೆಟ್ಟಿಲು ಹತ್ತಿದನಲ್ಲ ಎಂಬ ಸಿಟ್ಟಿಗೆ ಗೌಡ ಅವನ ಮನೆಗೆ ಬೆಂಕಿ-ನೀರು ಬಂದ್ ಮಾಡಿಸಿದ. ಕ್ಷೌರದವನು ಬರಲಿಲ್ಲ, ಅಗಸ ಬರಲಿಲ್ಲ, ಬೀಗರು ಸುತ್ತು ಹಾಕಿಕೊಂಡು ಹೋದರು. ಮೊನ್ನೆ ಮುಂಜಾನೆ ಎದೆ ಹಿಡಿದುಕೊಂಡು ಹೊಲದಲ್ಲೇ ಬಿದ್ದವನನ್ನು ಮಣ್ಣು ಮಾಡಲು ಶಿರೂರಿನಿಂದ ಅವನ ತಂಗಿಯ ಗಂಡನ ಕಡೆಯ ನಾಲ್ಕು ಮಂದಿ ಬರಬೇಕಾಯಿತು. ಅವರು ಕುಣಿ ತೋಡಿದರು, ಹುಗಿದರು, ಅಮೀನಗಡದಿಂದ ತಂದಿದ್ದ ಬಾಳೆಹಣ್ಣು, ಬಿಸ್ಕೀಟು ಮಕ್ಕಳ ಕೈಗಿಟ್ಟು, ಮೂರನೆಯ ದಿನಕ್ಕೆ ಬರುವುದಾಗಿ ಹೇಳಿ ಚಕ್ಕಡಿ ಹೂಡಿದರು. ಹಾಗೆ ಹೇಳಬಾರದಾಗಿತ್ತು, ಆದರೆ ಗಾಬರಿಯಲ್ಲಿ ಹೇಳಿದರು.

ಇದೆಲ್ಲ ಮಾರ್ತವ್ವನಿಗೆ ಗೊತ್ತಿತ್ತು. ಕೆಳಗಿನ ಕೇರಿಯಿಂದ ಮೇಲಿನ ಓಣಿಯ ಹೊಗೆ ಚೆನ್ನಾಗಿ ಕಾಣುತ್ತದೆ.

ಅವಳ ಅಜ್ಜನ ಕಾಲಕ್ಕೆ ಗುಳೇದಗುಡ್ಡದ ಕಡೆಯಿಂದ ಮಿಶನ್ನಿನವರು ಬಂದು ಕೇರಿಯ ಹನ್ನೊಂದು ಮನೆಗಳಿಗೆ ದೀಕ್ಷಾಸ್ನಾನ ಕೊಟ್ಟಿದ್ದರು. ಹೆಸರು ಬದಲಾದವು, ಹಾಡು ಬದಲಾದವು, ಊರಿನ ಕಣ್ಣು ಮಾತ್ರ ಬದಲಾಗಲಿಲ್ಲ. ಏಸುಸ್ವಾಮಿಯ ಮಗಳಾದರೂ ಮಾರ್ತವ್ವ ಬಾವಿಕಟ್ಟೆಯ ಕೆಳಗೇ ಕೊಡ ಹಿಡಿದು ನಿಲ್ಲಬೇಕಿತ್ತು. ಎಪ್ಪತ್ತೆರಡನೆಯ ಇಸವಿಯಲ್ಲಿ ಅವಳ ತಾಯಿ ಸತ್ತಾಗ ಕೇರಿಯವರು ಹೆಣವನ್ನು ನಡುಬೀದಿಯಿಂದ ಒಯ್ಯಲು ಹೊರಟಿದ್ದರು. ಮಸಣಕ್ಕೆ ಅದೇ ಹತ್ತಿರದ ದಾರಿ. ಬೀದಿಯ ಬಾಯಲ್ಲಿ ಅಡ್ಡ ನಿಂತು, ‘ತಿರುಗಿಸ್ರಿ ಹಿಂದಕ್ಕ’ ಅಂದವನು ಇದೇ ಶಂಕ್ರಪ್ಪ. ಆಗ ಗೌಡನ ಬಲಗೈ ಅವನೇ. ಜಾಲಿಮುಳ್ಳಿನ ಹಳ್ಳದಲ್ಲಿ ಹಾಯ್ದು ಹೋಗುವಾಗ ಹೆಣದ ಮೇಲಿನ ಬಿಳಿ ಅರಿವೆ ಹರಿದು ಮುಳ್ಳಿಗೆ ಸಿಕ್ಕಿತು. ಆ ಅರಿವೆಯ ತುಂಡು ಎರಡು ಮಳೆಗಾಲ ಅಲ್ಲೇ ಹಾರಾಡಿದ್ದನ್ನು ಮಾರ್ತವ್ವ ನೋಡಿದ್ದಳು.

ಎರಡನೆಯ ದಿನ ಮುಂಜಾನೆ ಅವಳು ಸಗಣಿ ಬುಟ್ಟಿ ಹೊತ್ತು ಶಂಕ್ರಪ್ಪನ ಹಿತ್ತಲ ಸಂದಿಯಲ್ಲಿ ಬರುತ್ತಿದ್ದಳು. ಕೊಟ್ಟಿಗೆಯಲ್ಲಿ ಅವನ ಆರು ವರ್ಷದ ಸಣ್ಣ ಮಗಳು ಎಮ್ಮೆಗೆ ನೆನೆಯಿಟ್ಟಿದ್ದ ಹತ್ತಿಕಾಳಿನ ಗಡಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಒಂದೊಂದೇ ಕಾಳು ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

‘ಅದನ್ಯಾಕ ತಿಂತೀ ಯವ್ವಾ?’

‘ಹೊಟ್ಟಿ ಹಸದೈತಿ.’

‘ಮನ್ಯಾಗ ಹಿಟ್ಟಿಲ್ಲೇನು?’

‘ಐತಿ. ಮುದುಕಿ ಆಯಿ ಒಲಿ ಹಚ್ಚಗೊಡವಲ್ಲಳು. ಓಣ್ಯಾಗಿಂದ ಬುತ್ತಿ ಬರೂತನಾ ಉಪಾಸ ಸಾಯೂಣು, ಊರು ನೋಡ್ಲಿ ಅಂತಾಳ.’ ಹುಡುಗಿ ಮತ್ತೊಂದು ಕಾಳು ಸುಲಿದಳು. ‘ಎಮ್ಮಿ ಬೈಯಾಂಗಿಲ್ಲ. ನಾ ಕೇಳೇನಿ.’

ಮಾರ್ತವ್ವ ಮನೆಗೆ ಬಂದು ಸಗಣಿ ಇಳಿಸಿದಳು. ಕೈ ತೊಳೆದಳು. ಅಟ್ಟದ ಮೇಲಿನ ಹಿಟ್ಟಿನ ಡಬ್ಬಿ ತೆಗೆದಳು.

ಗಂಡ ಪೇತ್ರಪ್ಪ ಇಳಕಲ್ಲಿನ ಕಲ್ಲಿನ ಖಣಿಯಲ್ಲಿ ಉಳಿ ಹೊಡೆಯುವವನು. ಆವತ್ತು ಶನಿವಾರ, ವಾರದ ರಜೆಗೆ ಮನೆಗೆ ಬಂದಿದ್ದ. ಅಂಗಳದಲ್ಲಿ ಕೇರಿಯ ಸಭೆಯ ಹಿರಿಯ ಯೋನಪ್ಪ ಬೇವಿನ ಕಡ್ಡಿ ಜಗಿಯುತ್ತ ಕೂತಿದ್ದ. ಭಾನುವಾರ ಮಿಶನ್ನಿನ ಅಯ್ಯನೋರು ಬಾರದಿದ್ದರೆ ಪ್ರಾರ್ಥನೆ ನಡೆಸುವವನು ಅವನೇ.

‘ಇಷ್ಟ್ಯಾಕ ಹಿಟ್ಟು?’ ಅಂದ ಪೇತ್ರಪ್ಪ. ‘ಬೀಗರು ಬರ್ತಾರೇನು?’

‘ಶಂಕ್ರಪ್ಪನ ಮನಿಗೆ ಬುತ್ತಿ ಒಯ್ತೇನಿ.’

ಪೇತ್ರಪ್ಪ ಸ್ವಲ್ಪ ಹೊತ್ತು ಅವಳ ಮುಖ ನೋಡಿದ. ಚೇಷ್ಟೆಯಲ್ಲ ಎಂದು ಗೊತ್ತಾದ ಮೇಲೆ ಎದ್ದು ನಿಂತ. ‘ನಿಮ್ಮವ್ವನ ಹೆಣ ಮುಳ್ಳಾಗ ಹಾಯಿಸಿದಾತನ ಮನಿಗೆ.’

‘ಹೌದು, ಆತನ ಮನಿಗೇ.’

‘ಮರತಿ ಏನು?’

‘ಮರತಿದ್ರ ಒಯ್ತಿರಲಿಲ್ಲ. ಮರತಿದ್ರ ನನಗೇನ ಗರಜಿತ್ತು.’

ಯೋನಪ್ಪ ಕಡ್ಡಿ ಬಾಯಿಂದ ತೆಗೆದ. ‘ತಂಗಿ, ಮೂರು ವರ್ಷದ ಹಿಂದ ಇದೇ ಅಂಗಳದಾಗ ಕೂತು ಠರಾವು ಮಾಡೇವಿ. ಅವರ ಸತ್ತ ದನಾ ಎಳ್ಯಾಂಗಿಲ್ಲ, ಕುಣಿ ತೋಡಾಂಗಿಲ್ಲ, ಸಾವಿನ ಸುದ್ದಿ ಹೊತಗೊಂಡು ಊರೂರು ಓಡಾಂಗಿಲ್ಲ. ಎಲ್ಲಾರಕಿಂತ ಮುಂದ ನಿಂತಾಕಿ ನೀನ. ಈಗ ನೀನ ಹೋಗಿ ಅವರ ಬಾಗಲಾ ಕಾಯ್ತೀ?’

‘ಯೋನಪ್ಪ ಕಾಕಾ, ಚಾಕರಿ ಬ್ಯಾರೆ, ಬುತ್ತಿ ಬ್ಯಾರೆ.’ ಅವಳು ಹಿಟ್ಟಿಗೆ ಕುದಿಯುವ ನೀರು ಸುರಿದಳು. ‘ಚಾಕರಿಗೆ ಕರೀತಾರ, ಹೋಗಬೇಕು. ಬುತ್ತಿಗೆ ಯಾರೂ ಕರ್ಯಾಂಗಿಲ್ಲ. ಬುತ್ತಿ ಒಯ್ಯಾವ್ರು ನೆರಿಮನಿಯವ್ರು. ನಾ ಅವರ ಆಳಲ್ಲ, ನೆರಿಯಾಕಿ. ಅದನ್ನ ಹೇಳಾಕ ಹೊಂಟೇನಿ.’

‘ನಾವು ಅವರ ಸಲುವಾಗಿ ಪ್ರಾರ್ಥನಾ ಮಾಡೂಣು. ನಾಳಿ ಐತವಾರ ಐತಿ.’

‘ಮಾಡ್ರಿ. ಪ್ರಾರ್ಥನಾ ಆ ಹುಡಿಗಿ ಹೊಟ್ಟಿಗೆ ಹತ್ತತೈತೇನು? ಹತ್ತಿಕಾಳು ತಿನ್ನಾಕತ್ತೈತಿ ಕೂಸು. ವೈರಿ ಹಸದ್ರ ಉಣ್ಣಾಕ ಕೊಡ್ರಿ ಅಂತ ಸ್ವಾಮಿ ಹೇಳ್ಯಾನ, ವಾರಾ ವಾರಾ ನೀವ ಓದಿ ಹೇಳ್ತೀರಿ. ಓದಾಕ ಬರ್ತೈತಿ ಅಂತ ನೀವು ಓದ್ತೀರಿ. ನನಗ ಓದಾಕ ಬರಾಂಗಿಲ್ಲ, ರೊಟ್ಟಿ ಬಡ್ಯಾಕ ಬರ್ತೈತಿ.’

ಪೇತ್ರಪ್ಪನಿಗೆ ನಗು ಬಂತು, ನುಂಗಿಕೊಂಡ. ‘ಗೌಡ ಸುಮ್ಮ ಬಿಡ್ತಾನೇನು? ಇಡೀ ಕೇರಿಗೆ ಜ್ವಾಳ ಕೀಳೂ ಕೆಲಸಾ ಬಂದ್ ಮಾಡ್ತಾನ. ಮಾಘ ಮಾಸ, ವರ್ಷದ ಕಾಳು ಈಗ ಬರೂದು. ನನಗ ಖಣಿ ಐತಿ. ಉಳದವ್ರು?’

ಈ ಮಾತಿಗೆ ಮಾರ್ತವ್ವನ ಕೈ ನಿಂತಿತು. ಇದು ಅವಳು ಲೆಕ್ಕಿಸದೆ ಬಿಟ್ಟ ಮಾತಲ್ಲ. ಹನ್ನೊಂದು ಮನೆಯ ಹೆಣ್ಣುಮಕ್ಕಳು ಈ ಹದಿನೈದು ದಿನ ಗೌಡನ ಹೊಲದಲ್ಲಿ ಬೇರುಸಹಿತ ಜೋಳ ಕಿತ್ತು ತಂದ ಕೂಲಿಕಾಳಿನ ಮೇಲೆ ಮಳೆಗಾಲದ ತನಕ ಬದುಕುತ್ತಾರೆ. ಅವಳು ಹಿಟ್ಟಿನ ಮುಂದೆ ಕಣ್ಣು ಮುಚ್ಚಿ ಒಂದು ಗಳಿಗೆ ಕೂತಳು. ಸ್ವಾಮಿಯ ಕೂಡ ಅವಳ ಮಾತು ಯಾವಾಗಲೂ ಗಿಡ್ಡ. ‘ನೀನೂ ಬಾವಿ ದಂಡಿಗೆ ಮುಟ್ಟಬಾರದಾಕಿ ಕಡೆ ನೀರು ಬೇಡಿ ಕುಡದಾತ. ನನ್ನ ಕೈ ನಡಗಬಾರದು, ಅಷ್ಟು ನೋಡಿಕೋ.’

ಕಣ್ಣು ತೆರೆದು ಅಂದಳು: ‘ಗೌಡನ ಎಪ್ಪತ್ತು ಎಕರೆ ಜ್ವಾಳ ಬಲತು ನಿಂತೈತಿ. ಎಂಟು ದಿನ ಬಿಟ್ರ ತೆನಿ ಉದರಿ ಹಕ್ಕಿಪಾಲು. ಅವನ ಮನಿ ಹೆಂಗಸರು ಸೆರಗು ಕಟ್ಟಿ ಕೀಳಾಕ ಬರ್ತಾರೇನು? ಗರಜು ನಮಗಷ್ಟ ಅಲ್ಲ, ಅವಗೂ ಐತಿ. ನಾವ ಅದನ್ನ ಮರತೇವಿ.’

ಯೋನಪ್ಪ ಬೇವಿನ ಕಡ್ಡಿ ಮತ್ತೆ ಬಾಯಿಗಿಟ್ಟ.

ರೊಟ್ಟಿ ಬಡಿಯುವ ಸದ್ದು ಕೇರಿಗೆಲ್ಲ ಕೇಳಿಸಿತು. ಒಂದೊಂದೂ ಹಂಚಿನ ಮೇಲೆ ಉಬ್ಬಿ ಎದ್ದಿತು. ಇಪ್ಪತ್ತು ಬಿಸಿ ರೊಟ್ಟಿ, ಕಡಲೆಹಿಟ್ಟಿನ ಜುಣಕ, ಉಳ್ಳಾಗಡ್ಡಿ, ಒಂದು ಮಗೆಯಲ್ಲಿ ಮಜ್ಜಿಗೆ. ಅರಿವೆ ಹುಡುಕಿದಳು. ಇದ್ದದ್ದು ಒಂದೇ ಬಿಳಿ ಅರಿವೆ, ಐತವಾರ ಪ್ರಾರ್ಥನೆಗೆ ತಲೆಗೆ ಹೊದೆಯುವುದು. ಅದನ್ನೇ ಮುಚ್ಚಿದಳು.

ಹಿತ್ತಲ ಸಂದಿಯಲ್ಲಿ ಹೋದರೆ ಯಾರಿಗೂ ಕಾಣುತ್ತಿರಲಿಲ್ಲ. ಮಾರ್ತವ್ವ ನಡುಬೀದಿ ಹಿಡಿದಳು.

ಬೀದಿಯ ಬಾಯಿ ದಾಟುವಾಗ ಅವಳ ಹೆಜ್ಜೆ ಒಮ್ಮೆ ತಡೆಯಿತು. ಅವ್ವನ ಚಟ್ಟ ತಿರುಗಿದ್ದು ಇಲ್ಲೇ. ತಡೆದ ಕಾಲನ್ನು ಅವಳೇ ಎತ್ತಿಟ್ಟಳು. ಚಪ್ಪಲಿ ಕೈಯಲ್ಲಿ ಹಿಡಿದಿರಲಿಲ್ಲ, ಕಾಲಲ್ಲೇ ಇದ್ದವು. ಬಾಗಿಲುಗಳಲ್ಲಿ ಹೆಂಗಸರು ಬಿಳಿ ಅರಿವೆಯ ಬುಟ್ಟಿ ನೋಡಿದರು, ಹೊತ್ತವಳನ್ನು ನೋಡಿದರು, ಒಳಗಿನವರನ್ನು ಕರೆದರು.

ಕಟ್ಟೆಯ ಮೇಲೆ ಅಮಾತೆಪ್ಪ ಗೌಡ ನಾಲ್ಕು ಮಂದಿಯ ನಡುವೆ ಕೂತಿದ್ದ. ಪಕ್ಕದಲ್ಲಿ ಕುರಿ ಮಾರಾಟದ ಮಾತಿಗೆ ಬಂದಿದ್ದ ಕುರುಬರ ಬೀರಲಿಂಗಪ್ಪ ಕಂಬಳಿ ಹೊದ್ದು ನಿಂತಿದ್ದ.

‘ಏ ಮಾರ್ತಿ. ಬುಟ್ಟಿ ಹೊತಗೊಂಡು ಎತ್ತಾಗ ಸವಾರಿ?’

‘ಸತ್ತ ಮನಿಗ್ರಿ ಗೌಡ್ರ. ಬುತ್ತಿ.’

ಕಟ್ಟೆಯ ಮೇಲೆ ನಗು ಎದ್ದಿತು. ‘ನಿನ್ನ ಕೈಯಾಗಿನ ಬುತ್ತಿ ಯಾರ ತಿಂತಾರಲೇ?’

‘ಹಸದವ್ರು ತಿಂತಾರ್ರಿ.’

‘ಅವರಿಗೆ ಬೆಂಕಿ-ನೀರು ಬಂದ್ ಐತಿ. ಊರಾಗಿನ ಯಾರೂ ಕೊಡಬಾರದು ಅಂತ ಹೇಳೇವಿ. ಗೊತ್ತಿಲ್ಲೇನು?’

‘ಊರಾಗಿನವ್ರಿಗೆ ಹೇಳೀರ್ರಿ.’ ಮಾರ್ತವ್ವ ಬುಟ್ಟಿಯನ್ನು ಒಂದು ಕೈಯಿಂದ ಸರಿ ಮಾಡಿಕೊಂಡಳು. ‘ನಾವು ಊರ ಹೊರಗಿನವ್ರು ಅಂತ ನೀವ ಅಂತೀರಿ. ಹೊರಗಿನವ್ರಿಗೆ ನಿಮ್ಮ ಬಂದ್ ಹೆಂಗ ಹತ್ತತೈತ್ರಿ?’

ಈ ಸಲ ನಕ್ಕವನು ಬೀರಲಿಂಗಪ್ಪ ಒಬ್ಬನೇ. ಗೌಡ ತಿರುಗಿ ನೋಡಿದ ಕೂಡಲೇ ಕೆಮ್ಮಿದಂತೆ ಮಾಡಿದ.

‘ಬಾಯಿ ಭಾಳ ಆಗೇತಿ. ನಾಳಿಂದ ನಿಮ್ಮ ಕೇರಿ ಹೆಣ್ಣಮಕ್ಕಳು ಜ್ವಾಳ ಕೀಳಾಕ ಬರೂದು ಬ್ಯಾಡ. ಹೇಳು ಹೋಗು.’

‘ಹೇಳ್ತೇನ್ರಿ. ಎಪ್ಪತ್ತು ಎಕರೆ ಐತ್ರಿ ಗೌಡ್ರ. ನಡು ಹಿಡೀತೈತಿ, ನಿಮ್ಮ ಮನ್ಯಾಗಿನವ್ರಿಗೆ ನಡಕಟ್ಟು ಕಟ್ಟಿಕೊಳ್ರಿ ಅಂತ ಹೇಳ್ರಿ.’

ಅವಳು ನಡೆದಳು. ಬೆನ್ನ ಹಿಂದೆ ಬೈಗುಳ ಬಂದವು. ಕಲ್ಲು ಬರುತ್ತದೇನೋ ಎಂದು ಅವಳ ಬೆನ್ನು ಕಾಯುತ್ತಿತ್ತು. ಬರಲಿಲ್ಲ. ಬುತ್ತಿ ಹೊತ್ತವಳ ಮೇಲೆ ಕಲ್ಲು ಎಸೆಯುವುದು ಆ ಊರಿನಲ್ಲಿ ಇನ್ನೂ ಯಾರಿಗೂ ಬಂದಿರಲಿಲ್ಲ.

ಶಂಕ್ರಪ್ಪನ ಮನೆಯ ತಲಬಾಗಿಲು ತೆರೆದೇ ಇತ್ತು. ಅವನ ತಾಯಿ ಸಿದ್ದಲಿಂಗವ್ವ ಗೋಡೆಗೆ ಆತು ಕೂತಿದ್ದಳು. ಎಪ್ಪತ್ತರ ಮುದುಕಿ, ಒಣಗಿದರೂ ಬಗ್ಗದ ಜೀವ. ಸೊಸೆ ಗುರುಲಿಂಗವ್ವ ಕಂಬದ ಮಗ್ಗುಲ ಮೂಲೆಯಲ್ಲಿ, ತೊಡೆಯ ಮೇಲೆ ಇಬ್ಬರು ಹುಡುಗಿಯರು. ಮಾರ್ತವ್ವ ಹೊಸ್ತಿಲ ಹೊರಗೆ ಬುಟ್ಟಿ ಇಳಿಸಿ ಅರಿವೆ ತೆರೆದಳು. ರೊಟ್ಟಿಯ ಬಿಸಿ ವಾಸನೆ ಒಳಗೆ ಹೋಯಿತು. ಸಣ್ಣ ಹುಡುಗಿ ತಲೆ ಎತ್ತಿದಳು.

‘ಯಾರಕಿ?’ ಅಂದಳು ಮುದುಕಿ.

‘ಕೆಳಗಿನ ಕೇರಿ ಮಾರ್ತವ್ವರಿ. ಬುತ್ತಿ ತಂದೇನಿ.’

ಮುದುಕಿ ಎರಡು ದಿನ ಕಾದದ್ದು ಬುತ್ತಿಗೆ. ಬಂದದ್ದು ಬುತ್ತಿಯೇ. ಆದರೆ ಅವಳು ಕಾದಿದ್ದ ಕಡೆಯಿಂದ ಬರಲಿಲ್ಲ.

‘ಓಣ್ಯಾಗಿನವ್ರಿಗೆ ನಾಚಿಕಿ ಆಗಲಿ ಅಂತ ನಾ ಒಲಿ ಹಚ್ಚಲಿಲ್ಲ. ನೋಡು, ದೇವರು ನನಗ ನಾಚಿಕಿ ಮಾಡಿದ.’ ಗೋಡೆಗೆ ಹೇಳಿದಂತೆ ಹೇಳಿ ಕೈ ಬೀಸಿದಳು. ‘ಕೊಟ್ಟಿಗಿ ಗ್ವಾಡಿ ಮ್ಯಾಲ ಇಟ್ಟು ಹೋಗು. ನೀರು ಚಿಮುಕಿಸಿ ಒಳಗ ತಗೋತೇವಿ.’

ಮಾರ್ತವ್ವನ ಕಿವಿ ಬಿಸಿಯಾಯಿತು. ಹಿತ್ತಲ ಬಾಗಿಲಾಚೆಯ ಹತ್ತಿಕಾಳಿನ ಗಡಿಗೆ ಇಲ್ಲಿಂದಲೇ ಕಾಣುತ್ತಿತ್ತು. ಗೋಡೆಯ ಮೇಲೆ ಇಟ್ಟರೆ ಮಕ್ಕಳು ಉಣ್ಣುತ್ತಾರೆ. ಹೊಟ್ಟೆ ತುಂಬುತ್ತದೆ. ಆಮೇಲೆ? ಅವ್ವನಿಗೆ ಮುಳ್ಳು, ಮಗಳ ರೊಟ್ಟಿಗೆ ಕೊಟ್ಟಿಗೆ. ಇಷ್ಟು ವರ್ಷ ಮೇಲಿನಿಂದ ಕೆಳಕ್ಕೆ ಎಸೆದದ್ದನ್ನು ಕೇರಿ ಹಿಡಿದುಕೊಂಡಿದೆ. ಈಗ ಕೊಡುವವಳು ತಾನಾದರೂ ಎಸೆದೇ ಕೊಡಬೇಕು. ಕೊಡುವ ಕೈಗೂ ಮೈಲಿಗೆ.

ಮಕ್ಕಳನ್ನು ಉಪವಾಸ ಇಟ್ಟು ಬುಟ್ಟಿ ಎತ್ತಿಕೊಂಡು ಹೋಗುವುದು ಅವಳಿಂದ ಆಗದ ಮಾತು. ಅದು ಅವಳಿಗೂ ಗೊತ್ತು, ಸ್ವಾಮಿಗೂ ಗೊತ್ತು. ಅವಳು ಹೊಸ್ತಿಲ ಹೊರಗೆ ನೆಲದ ಮೇಲೆ ಕಾಲು ಮಡಚಿ ಕೂತಳು.

‘ಯಮ್ಮಾ, ಮಕ್ಕಳು ಉಣ್ಣಲಿ. ಅವರು ಇಲ್ಲಿ ಬಂದು ನನ್ನ ಕೈಯಿಂದ ತಗೊಂಡು ಉಣ್ಣಲಿ. ನೀವು ಉಣ್ಣೂದು ಬಿಡೂದು ನಿಮಗ ಬಿಟ್ಟದ್ದು. ಆದ್ರ ಕೊಟ್ಟಿಗ್ಯಾಗ ಇಡಾಕ ನಾ ಮುಸುರಿ ತಂದಿಲ್ಲ. ಎಮ್ಮಿಗೆ ಇಡೂದು ಕೊಟ್ಟಿಗ್ಯಾಗ, ಮಂದಿಗೆ ಇಡೂದು ಕೈಯಾಗ. ಅಷ್ಟ ನಾ ಹೇಳೂದು. ಹೊತ್ತು ಮುಳಗೂತನಾ ಕುಂಡ್ರು ಅಂದ್ರೂ ಕುಂಡರ್ತೇನಿ. ಬುತ್ತಿ ತಿರುಗಿ ಒಯ್ಯೂ ಪದ್ಧತಿ ಇಲ್ಲ.’

‘ನನಗ ಪದ್ಧತಿ ಹೇಳಾಕ ಬಂದೀ?’

‘ಇಲ್ರಿ. ಪದ್ಧತಿ ನಿಮ್ಮದ. ನಾ ಅದನ್ನ ನಡಸಾಕ ಬಂದೇನಿ. ನಿಮ್ಮವ್ರು ಮರತಾರ.’

ಆಗ ಗುರುಲಿಂಗವ್ವ ಎದ್ದಳು. ಎರಡು ದಿನದಿಂದ ಅವಳ ಬಾಯಿಂದ ಮಾತು ಹೊರಟಿರಲಿಲ್ಲ. ಮಕ್ಕಳನ್ನು ಇಳಿಸಿ, ಅತ್ತೆಯ ಮುಂದೆ ಹಾಯ್ದು ಹೊಸ್ತಿಲಿಗೆ ಬಂದಳು. ಬಂದು ಒಂದು ಕ್ಷಣ ನಿಂತು, ಸೆರಗಿನ ಎರಡೂ ತುದಿ ಹಿಡಿದು ಉಡಿ ಒಡ್ಡಿದಳು.

‘ಇದರಾಗ ಹಾಕು.’

ಮುದುಕಿ ಬೆಚ್ಚಿಬಿದ್ದಳು. ‘ಏ ಹುಚ್ಚಿ, ಉಡಿ ಒಡ್ಡಬಾರದು ನೀ.’

ಗಂಡ ಸತ್ತವಳ ಉಡಿಗೆ ಇನ್ನು ಯಾರೂ ಏನೂ ಹಾಕುವುದಿಲ್ಲ. ಮೊನ್ನೆ ಬಳೆ ಒಡೆದ ಕೂಡಲೇ ಆ ಲೆಕ್ಕ ಮುಗಿದಿತ್ತು. ಅದು ಗುರುಲಿಂಗವ್ವನಿಗೆ ಗೊತ್ತಿಲ್ಲದ್ದಲ್ಲ. ‘ಒಡ್ಡಬಾರದಾಕಿ ನಾ, ಹಾಕಬಾರದಾಕಿ ಈಕಿ,’ ಅಂದಳು. ‘ಅತ್ತಿ, ಹಾಕಬೇಕಾದವ್ರು ಯಾರೂ ಬರಲಿಲ್ಲ. ಬಂದಾಕಿ ಈಕಿ ಒಬ್ಬಾಕಿ. ಹಾಕು ಮಾರ್ತಕ್ಕ.’

ಅಕ್ಕ ಎಂದು ಆ ಬೀದಿಯಲ್ಲಿ ಮಾರ್ತವ್ವನನ್ನು ಯಾರೂ ಕರೆದಿರಲಿಲ್ಲ. ಅವಳು ಎದ್ದು ಎರಡೂ ಕೈಯಿಂದ ರೊಟ್ಟಿ ಎತ್ತಿ ಉಡಿಗೆ ಹಾಕಿದಳು. ಐದು ರೊಟ್ಟಿ. ಕೈ ನಡುಗಲಿಲ್ಲ.

ಮುಂದಿನದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಹುಡುಗಿಯರು ಹೊಸ್ತಿಲಿಗೇ ಓಡಿಬಂದರು. ಸಣ್ಣಾಕೆ ಎರಡೂ ಗಲ್ಲ ಉಬ್ಬುವ ಹಾಗೆ ತುಂಬಿಕೊಂಡಳು. ‘ನಿಧಾನ, ನಿಧಾನ. ಎಮ್ಮಿ ಪಾಲಿಂದು ಇದರಾಗ ಇಲ್ಲ,’ ಅಂದಳು ಮಾರ್ತವ್ವ. ಹುಡುಗಿ ನಗಲು ಹೋಗಿ ತಟ್ಟನೆ ಅಜ್ಜಿಯ ಕಡೆ ನೋಡಿದಳು. ಬುತ್ತಿ ತಂದವರು ತಾವೂ ಒಂದು ತುತ್ತು ಉಣ್ಣಬೇಕು. ಮಾರ್ತವ್ವ ಒಂದು ರೊಟ್ಟಿ ಮುರಿದಳು, ಅರ್ಧ ಗುರುಲಿಂಗವ್ವನ ಕೈಗಿಟ್ಟಳು. ಇಬ್ಬರೂ ಹೊಸ್ತಿಲ ಆಚೆ ಈಚೆ ಕೂತು ಉಂಡರು. ಬೀದಿ ನೋಡುತ್ತಿತ್ತು. ನೋಡಲಿ ಎಂದೇ ತಲಬಾಗಿಲು ತೆರೆದಿತ್ತು.

ಕೊನೆಗೆ ಮಾರ್ತವ್ವ ಎರಡು ರೊಟ್ಟಿಯ ಮೇಲೆ ಜುಣಕ ಹಾಕಿ ಹೊಸ್ತಿಲ ಮೇಲೆ ಹಿಡಿದಳು. ಒಳಗೆ ಕಾಲಿಡಲಿಲ್ಲ, ನೆಲದ ಮೇಲೆ ಇಡಲೂ ಇಲ್ಲ. ಹಿಡಿದೇ ಇದ್ದಳು. ತೋಳು ಸೋತು ಬಂತು. ಮುದುಕಿ ಆ ತೋಳನ್ನು ನೋಡುತ್ತಿದ್ದಳು. ಆ ಕೈಯವಳ ತಾಯಿಯ ಹೆಣದ ದಾರಿ ತಪ್ಪಿಸಿದ್ದು ತನ್ನ ಮಗ ಎಂಬುದು ಅವಳಿಗೆ ನೆನಪಿತ್ತೋ ಇಲ್ಲವೋ. ಗೋಡೆ ಹಿಡಿದು ಎದ್ದಳು, ಬಂದಳು, ರೊಟ್ಟಿ ತೆಗೆದುಕೊಂಡಳು. ನೀರು ಚಿಮುಕಿಸಲಿಲ್ಲ. ತನ್ನ ಜಾಗಕ್ಕೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ ಕೂತು ಉಂಡಳು. ಉಣ್ಣುತ್ತ ಬೆನ್ನು ಅಲುಗುತ್ತಿತ್ತು. ಮಾರ್ತವ್ವ ಅತ್ತ ನೋಡಲಿಲ್ಲ.

ಬುಟ್ಟಿ ಬರಿದಾಯಿತು. ಅರಿವೆ ಕೊಡವಿ ತಲೆಗೆ ಹೊದ್ದುಕೊಂಡು ಮಾರ್ತವ್ವ ಎದ್ದಳು. ಪದ್ಧತಿಯಂತೆ ಬಾಯಿ ಬಿಚ್ಚಲಿಲ್ಲ. ನಾಲ್ಕು ಹೆಜ್ಜೆ ನಡೆದಿದ್ದಳೋ ಇಲ್ಲವೋ, ಒಳಗಿನಿಂದ ಮುದುಕಿಯ ದನಿ ಬಂತು.

‘ಜುಣಕಕ್ಕ ಖಾರ ಭಾಳ ಆತು. ನಾಳಿ ಕಡಿಮಿ ಹಾಕ್ಕೊಂಡು ಬಾ.’

ಬೀದಿಯ ಬಾಗಿಲುಗಳಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಸತ್ತ ಮನೆಯಲ್ಲಿ ಆಡಬಾರದ ಮಾತು. ಗುರುಲಿಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮುದುಕಿಗೆ ತಾನು ಆಡಿದ್ದು ತಿಳಿಯಿತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ‘ಏನು ನೋಡ್ತೀರಿ? ಸಾವು ಬರಾಕ ಕರೀಬೇಕೇನು? ಕರೀದ ಬಂದಿತ್ತಲ್ಲ,’ ಎಂದು ಬೀದಿಗೆ ಕೇಳುವ ಹಾಗೆ ಅಂದಳು. ‘ಬರಬೇಕಾದವ್ರನ್ನ ಕರೀತೇನಿ.’

ಮಾರ್ತವ್ವ ತಿರುಗಿ ನಿಂತಳು. ‘ಬರ್ತೇನ್ರಿ ಯಮ್ಮಾ,’ ಅಂದಳು.

ಮರುದಿನ ಐತವಾರ. ಕೇರಿಯ ಪ್ರಾರ್ಥನೆ ಆವತ್ತು ಬೇಗ ಮುಗಿಯಿತು. ಯೋನಪ್ಪ ಓದುವುದನ್ನು ಗಿಡ್ಡ ಮಾಡಿ, ಹೆಂಗಸರಿಗೆ ರೊಟ್ಟಿ ಬಡಿಯುವುದಿದೆ ಎಂದು ತಾನೇ ಹೇಳಿದ. ಗೌಡನ ಆಳು ಮುಂಜಾನೆಯೇ ಬಂದು, ಜ್ವಾಳ ಕೀಳಾಕ ಬರೂದು ಬ್ಯಾಡ ಎಂದು ಕೂಗಿ ಹೋಗಿದ್ದ. ‘ಸೋಮವಾರ ಒಂದು ದಿನ ಮಲಗೂಣು. ಮಂಗಳವಾರ ಗೌಡ ತಾನ ಕರಿಯಾಕ ಬರ್ತಾನ,’ ಅಂದಿದ್ದರು ಹೆಂಗಸರು. ಯಾರ ಮುಖದಲ್ಲೂ ಅಂಜಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ಅಂಜಿಕೆ ಇತ್ತು. ರೊಟ್ಟಿಯನ್ನೂ ಬಡಿದರು.

ಮಾರ್ತವ್ವ ನಡುಬೀದಿಗೆ ಬಂದಾಗ ಅವಳ ಹಿಂದೆ ಕೇರಿಯ ಮೂರು ಬುಟ್ಟಿಗಳಿದ್ದವು. ಕಟ್ಟೆಯ ಹತ್ತಿರ ಬರುವ ಹೊತ್ತಿಗೆ ಅಡ್ಡ ಓಣಿಯಿಂದ ಬೀರಲಿಂಗಪ್ಪನ ಹೆಂಡತಿ ಬೋರವ್ವ ಬಂದು ಸೇರಿದಳು, ತಲೆಯ ಮೇಲೆ ಬಿಳಿ ಅರಿವೆಯ ಬುಟ್ಟಿ, ಕೈಯಲ್ಲಿ ಮೊಸರಿನ ಗಡಿಗೆ.

‘ನನ್ನ ಗಂಡ ನಿನ್ನಿ ಹಿಡದು ನಗಾಕತ್ತಾನ,’ ಅಂದಳು ಬೋರವ್ವ. ‘ಊರ ಹೊರಗಿನವ್ರಿಗೆ ಬಂದ್ ಹತ್ತಾಂಗಿಲ್ಲ ಅಂತ. ನಾವೂ ವರ್ಷದಾಗ ಎಂಟು ತಿಂಗಳ ಕುರಿ ಹಿಂದ ಊರ ಹೊರಗ ಇರ್ತೇವಿ, ನಮಗೂ ಹತ್ತಾಂಗಿಲ್ಲ ಅಂತಾನ.’

ಗೌಡ ಕಟ್ಟೆಯ ಮೇಲೆ ಇದ್ದ. ಐದು ಬುಟ್ಟಿಗಳನ್ನು ನೋಡಿದ. ತಂಬಾಕಿನ ಚಂಚಿ ಬಿಚ್ಚಿ ಅದರಲ್ಲಿ ಏನನ್ನೋ ಬಹಳ ಹೊತ್ತು ಹುಡುಕಿದ.

ಮಾರ್ತವ್ವ ಆ ಕಡೆ ನೋಡದೆ ಮುಂದೆ ನಡೆದಳು. ಇಂದು ಜುಣಕ ಮಾಡುವಾಗ ಪೇತ್ರಪ್ಪ ಪಕ್ಕದಲ್ಲೇ ಕೂತು ಖಾರದ ಡಬ್ಬಿ ಕಸಿದುಕೊಂಡಿದ್ದ. ‘ಮುದುಕಿ ಹೇಳ್ಯಾಳಲ್ಲ, ಕಡಿಮಿ ಹಾಕು,’ ಅಂದಿದ್ದ. ಅವಳು ಕೇಳಿರಲಿಲ್ಲ, ಅವನ ಕೈಯಿಂದ ಡಬ್ಬಿ ಕಸಿದುಕೊಂಡು ಎಂದಿನಷ್ಟೇ ಹಾಕಿದ್ದಳು. ಇವತ್ತೂ ಖಾರವಾಯಿತೆಂದು ಆ ಮುದುಕಿ ಬೈಯಬೇಕು, ನಾಳೆಯೂ ಬಾ ಅನ್ನಬೇಕು. ಮೂರು ದಿನ ಮುಗಿದು ಆ ಮನೆಯ ಒಲೆ ಹತ್ತಿದ ಮೇಲೂ ಅನ್ನಬೇಕು.